ಬೆನ್ನೆಲುಬಿನ ಶಸ್ತ್ರಚಿಕಿತ್ಸೆ: ಜಮಾ-ಖರ್ಚು

ನಾನು ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ, ಲೆಕ್ಕವನ್ನಷ್ಟೇ ಒಪ್ಪಿಸುತ್ತೇನೆ.

ಕ್ಷಯ ತಗುಲಿದ ಬೆನ್ನಿನ ಮೂಳೆಗಳನ್ನು ಬೆಸೆದು ನಿಲ್ಲಿಸುವ ಕ್ರಮವನ್ನು ನ್ಯೂಯಾರ್ಕಿನ ಹಿಬ್ಸ್, ಆಲ್ಬಿ ಎಂಬ ವೈದ್ಯರು 1911ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದರು. ಇಂದು ತೆರೆದ ಪದ್ಧತಿಯಲ್ಲಿ ಬೆನ್ನನ್ನು ಉದ್ದಕ್ಕೆ ಸೀಳಿ, ಸ್ನಾಯುಗಳನ್ನು ಎಲುಬಿನಿಂದ ಬಿಡಿಸಿ, ತಿರುಪುಮೊಳೆ, ಸರಳುಗಳನ್ನು ಕೂಡಿಸುವರು. ಕಿರುಗಾಯದ ಪದ್ಧತಿಯಲ್ಲಿ ಕ್ಷ-ಕಿರಣದ ಚಿತ್ರ ನೋಡುತ್ತ, ಸಣ್ಣ ಸಣ್ಣ ಗಾಯಗಳ ಮೂಲಕವೇ ಅದೇ ಕೆಲಸ. ರಕ್ತನಷ್ಟ ಕಡಿಮೆ, ಮನೆಗೆ ಬೇಗ ಮರಳಬಹುದು: ಇದು ಜಮೆ. ಕ್ಷ-ಕಿರಣ ಹೆಚ್ಚು ಬೀಳುತ್ತದೆ; ತೀರ ಡೊಂಕಾದ ಬೆನ್ನಿಗೆ ಅನೇಕ ವೇಳೆ ತೆರೆದ ದಾರಿಯೇ ಬೇಕು: ಇದು ಖರ್ಚು.

ಗಾಯ ಕಿರಿದಾದರೂ ಎಲುಬು ಬೆಸೆಯಲು ತಿಂಗಳುಗಳೇ ಹಿಡಿಯುತ್ತವೆ. ಊರು ಬಿಟ್ಟು ಬಂದ ನಮಗೆ ಆರೈಕೆಯ ಕೈಗಳು ಕಡಿಮೆ. ಆದುದರಿಂದ “ಕೆಲಸಕ್ಕೆ ಎಂದು ಹೋಗಲಿ?” ಎನ್ನುವ ಮೊದಲು “ನನ್ನ ಬೆನ್ನಿಗೆ ಯಾವುದು ತಕ್ಕುದು, ಏಕೆ?” ಎಂದು ವೈದ್ಯರನ್ನು ಕೇಳಿರಿ.