ದಣಿವು ಹೆಣ್ಣಿನ ಹಣೆಬರಹವಲ್ಲ



ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನಾವು ಕೂಡಲೇ ಎಚ್ಚರಗೊಳ್ಳುತ್ತೇವೆ. ಕೈಕಾಲಿಗೆ ಪೆಟ್ಟಾದರೆ ಆಸ್ಪತ್ರೆಗೆ ಧಾವಿಸುತ್ತೇವೆ. ಆದರೆ ಮನೆಯ ಹೆಣ್ಣುಮಗಳು ‘ಯಾಕೋ ಬಹಳ ಸುಸ್ತು, ಒಂದು ಕೊಡ ನೀರು ಹೊತ್ತರೆ ಏದುಸಿರು ಬರುತ್ತದೆ’ ಎಂದಾಗ ಅದನ್ನು ಕಾಯಿಲೆಯೆಂದು ಎಣಿಸುವವರು ಕಡಿಮೆ. ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗುತ್ತೇವೆ. ಆಕೆಯೂ ಅದನ್ನೇ ನಂಬಿ ಮತ್ತೆ ಕೆಲಸಕ್ಕೆ ತೊಡಗುತ್ತಾಳೆ. ಈ ನಂಬಿಕೆ ಸರಿಯಲ್ಲವೆಂದು ತಮಗೆ ಮನಗಾಣಿಸುವುದೇ ಇಂದಿನ ಭಾಷಣದ ಉದ್ದೇಶ. ಇಂಥ ದಣಿವಿನ ಹಿಂದೆ ಅನೇಕ ವೇಳೆ ರಕ್ತಹೀನತೆ ಅಡಗಿರುತ್ತದೆ. ಅದನ್ನು ಪತ್ತೆಹಚ್ಚುವುದಕ್ಕಾಗಲಿ ತಡೆಯುವುದಕ್ಕಾಗಲಿ ಹೆಚ್ಚು ಹಣ ಬೇಕಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು 48. ಅಂದರೆ ಅತ್ತೆ ಸೊಸೆಯರಿರುವ ಮನೆಯಲ್ಲಾಗಲಿ, ಅಕ್ಕತಂಗಿಯರಿರುವ ಮನೆಯಲ್ಲಾಗಲಿ, ಇಬ್ಬರಲ್ಲಿ ಒಬ್ಬರಿಗೆ ಈ ತೊಂದರೆ ಇರುವ ಸಂಭವವುಂಟು.

ರಕ್ತಹೀನತೆ ಎಂದರೇನು? ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಉಸಿರಿನ ಮೂಲಕ ಬಂದ ಆಮ್ಲಜನಕವನ್ನು ದೇಹದ ಎಲ್ಲ ಭಾಗಗಳಿಗೆ ಒಯ್ಯುವುದು ಇದರ ಕೆಲಸ. ಇದು ತಯಾರಾಗಲು ಕಬ್ಬಿಣಾಂಶ ಬೇಕೇ ಬೇಕು. ವಯಸ್ಕ ಮಹಿಳೆಯ 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಗರ್ಭಿಣಿಯಲ್ಲಿ ಕನಿಷ್ಠ 11 ಗ್ರಾಂ. ಗರ್ಭಿಣಿಯಲ್ಲಿ ಅದು 7 ಗ್ರಾಂಗಿಂತ ಕೆಳಗಿಳಿದರೆ ಅಪಾಯದ ಸ್ಥಿತಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಹೆರಿಗೆಯ ಕಾಲದಲ್ಲಿ ರಕ್ತಸ್ರಾವ ಹೆಚ್ಚಾದರೆ ಆರೋಗ್ಯವಂತ ತಾಯಿ ತಡೆದುಕೊಂಡಾಳು. ಆದರೆ ಮೊದಲೇ ರಕ್ತ ಕಡಿಮೆಯಿರುವ ತಾಯಿಗೆ ಅಷ್ಟೇ ಸ್ರಾವವು ಪ್ರಾಣಕ್ಕೆ ಎರವಾಗಬಹುದು. ಅವಳ ಮಗು ದಿನ ತುಂಬುವ ಮುನ್ನವೇ, ಕಡಿಮೆ ತೂಕದಲ್ಲಿ ಹುಟ್ಟುವ ಸಂಭವವೂ ಹೆಚ್ಚು.

ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಗೆ ಹಾಗೂ ಉಗುರು ಬಿಳಿಚಿಕೊಳ್ಳುವುದು, ಎದೆ ಡವಗುಟ್ಟುವುದು, ತಲೆ ಸುತ್ತುವುದು, ಕಾಲು ಊದುವುದು ಇದರ ಲಕ್ಷಣಗಳು. ಕೆಲವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕೆನಿಸುತ್ತದೆ. ಅದನ್ನು ಬಯಕೆಯೆಂದು ನಗುತ್ತಾ ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸಿರಿ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಮಾಡುವ ಈ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಸುವ ಕಾರ್ಯಕ್ರಮವು 2016ರಲ್ಲಿ ಆರಂಭವಾಗಿದೆ.

ಇನ್ನು ಆಹಾರದ ವಿಚಾರ. ‘ಹಣ್ಣು, ಹಾಲು, ಒಣದ್ರಾಕ್ಷಿ ಕೊಳ್ಳುವ ಶಕ್ತಿ ನಮಗೆಲ್ಲಿದೆ?’ ಎಂದು ತಾವು ಕೇಳಬಹುದು. ಅವು ಅನಿವಾರ್ಯವಲ್ಲ. ಹಿತ್ತಲಿನ ನುಗ್ಗೆಸೊಪ್ಪು, ದಂಟು, ಹರಿವೆ, ಹೊನಗೊನೆ. ಮನೆಯಲ್ಲಿರುವ ಹುರುಳಿ, ಹೆಸರು, ಅಲಸಂದೆ, ಎಳ್ಳು, ರಾಗಿ ಇವುಗಳಲ್ಲಿ ಕಬ್ಬಿಣಾಂಶವಿದೆ. ಮಾಂಸಾಹಾರಿಗಳಿಗೆ ಮಾಂಸ, ಮೀನುಗಳಿಂದ ದೊರೆಯುವ ಕಬ್ಬಿಣಾಂಶವು ಇನ್ನೂ ಸುಲಭವಾಗಿ ಮೈಗೆ ಹತ್ತುತ್ತದೆ. ಸೊಪ್ಪು, ಕಾಳುಗಳ ಕಬ್ಬಿಣಾಂಶವನ್ನು ದೇಹವು ಅಲ್ಪ ಪ್ರಮಾಣದಲ್ಲಿ ಮಾತ್ರ ಹೀರಿಕೊಳ್ಳುತ್ತದೆ. ಆದ್ದರಿಂದ ಮೂರು ಸಂಗತಿಗಳನ್ನು ನೆನಪಿಡಿರಿ.

ಮೊದಲನೆಯದು, ಊಟದ ಜೊತೆಗೆ ‘ಸಿ’ ಜೀವಸತ್ವವಿರಲಿ. ಸೊಪ್ಪಿನ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿರಿ. ಹೆಚ್ಚು ಕುದಿಸಿದರೆ ಈ ಸತ್ವ ನಾಶವಾಗುತ್ತದೆ. ಒಂದು ನೆಲ್ಲಿಕಾಯಿ ಅಥವಾ ಒಂದು ಸೀಬೆಹಣ್ಣು ಸಹ ಇದೇ ಕೆಲಸ ಮಾಡುತ್ತದೆ. ಎರಡನೆಯದು, ಊಟದ ಜೊತೆಗೂ ಊಟವಾದ ಕೂಡಲೇಯೂ ಕಾಫಿ, ಚಹಾ ಕುಡಿಯದಿರಿ. ಅವು ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುತ್ತವೆ. ಒಂದು ಗಂಟೆಯಾದರೂ ಅಂತರವಿರಲಿ. ಮೂರನೆಯದು, ಕಾಳುಗಳನ್ನೂ ರಾಗಿಯನ್ನೂ ಮೊಳಕೆ ಬರಿಸಿ ಬಳಸಿರಿ. ಇದರಿಂದ ಅವುಗಳ ಸತ್ವ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಬೀಟ್‌ರೂಟ್ ಕೆಂಪಗಿದೆಯೆಂದ ಮಾತ್ರಕ್ಕೆ ರಕ್ತ ವೃದ್ಧಿಯಾಗುವುದಿಲ್ಲ. ಕೇವಲ ಬೆಲ್ಲ ತಿಂದೂ ಈ ಕೊರತೆ ನೀಗುವುದಿಲ್ಲ.

ಗರ್ಭಿಣಿಗೆ ಬೇಕಾಗುವಷ್ಟು ಕಬ್ಬಿಣಾಂಶ ಆಹಾರವೊಂದರಿಂದಲೇ ಒದಗುವುದು ಕಷ್ಟ. ಆದ್ದರಿಂದ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶ ಹಾಗೂ ಫೋಲಿಕ್ ಆಮ್ಲದ ಮಾತ್ರೆಯನ್ನು ಸೇವಿಸಬೇಕು. ಇದನ್ನು ಉಚಿತವಾಗಿ ವಿತರಿಸಲಾಗುತ್ತದೆ. ರಕ್ತ ತೀರ ಕಡಿಮೆಯಿದ್ದಲ್ಲಿ ವೈದ್ಯರು ಪ್ರಮಾಣವನ್ನು ಬದಲಿಸುತ್ತಾರೆ. ಮಾತ್ರೆ ನುಂಗಿದಾಗ ಮಲ ಕಪ್ಪಾಗುವುದು ಸಹಜ, ಅದರಿಂದ ಹೆದರಬೇಕಾಗಿಲ್ಲ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ನುಂಗಿರಿ. ಹಾಲು, ಚಹಾ ಹಾಗೂ ಸುಣ್ಣದಂಶದ ಮಾತ್ರೆಯೊಂದಿಗೆ ಮಾತ್ರ ಬೇಡ. ‘ಮಾತ್ರೆಯಿಂದ ಮಗು ಕಪ್ಪಾಗುತ್ತದೆ’ ಎಂಬ ಮಾತಿನಲ್ಲಿ ಹುರುಳಿಲ್ಲ. ಮಾತ್ರೆಗಳನ್ನು ಮಕ್ಕಳ ಕೈಗೆಟುಕದಂತೆ ಇಡಿರಿ; ಮಕ್ಕಳು ಹಲವು ಮಾತ್ರೆಗಳನ್ನು ನುಂಗಿಬಿಟ್ಟರೆ ಅದು ವಿಷವಾಗುತ್ತದೆ. ಮಾತ್ರೆ ಸೇವಿಸಿದರೂ ಒಂದೆರಡು ತಿಂಗಳಲ್ಲಿ ಗುಣ ಕಾಣದಿದ್ದರೆ ಬೇರೆ ಕಾರಣವಿರಬಹುದು. ಆಗ ವೈದ್ಯರನ್ನು ಕಾಣುವುದು ಅವಶ್ಯ.

ತಿಂದ ಅನ್ನದಿಂದ ಆದ ರಕ್ತವನ್ನು ಕೊಕ್ಕೆಹುಳು ಹೀರದಂತೆಯೂ ನೋಡಿಕೊಳ್ಳಬೇಕು. ಬಯಲು ಶೌಚದಿಂದ ಮಲಿನವಾದ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆದಾಗ ಇದರ ಮರಿಗಳು ಚರ್ಮದ ಮೂಲಕ ಒಳಸೇರಿ ಕರುಳಿನಲ್ಲಿ ನೆಲೆಸುತ್ತವೆ. ಆದ್ದರಿಂದ ಶೌಚಾಲಯ ಬಳಸಿರಿ, ಹೊಲಗದ್ದೆಗೆ ಹೋಗುವಾಗ ಪಾದರಕ್ಷೆ ಮೆಟ್ಟಿರಿ. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ ಜಂತುಹುಳು ನಿವಾರಕ ಮಾತ್ರೆಯನ್ನು ತಪ್ಪಿಸಬೇಡಿರಿ.

ಒಂದು ಬಸಿರು ಹಾಗೂ ಹಾಲುಣಿಸುವ ಕಾಲದಲ್ಲಿ ಕರಗಿದ ಸತ್ವವು ಮತ್ತೆ ತುಂಬಿಕೊಳ್ಳಲು ತಾಯಿಯ ದೇಹಕ್ಕೆ ಸಮಯ ಬೇಕು. ಹೆರಿಗೆಯಾಗಿ ಕನಿಷ್ಠ ಎರಡು ವರ್ಷ ಕಳೆಯುವವರೆಗೆ ಮುಂದಿನ ಗರ್ಭ ನಿಲ್ಲದಂತೆ ದಂಪತಿಗಳು ಯೋಜಿಸುವುದು ಲೇಸು. ಸೂಕ್ತ ವಿಧಾನಗಳ ಬಗ್ಗೆ ಆಶಾ ಕಾರ್ಯಕರ್ತೆಯಿಂದಲೂ ಆರೋಗ್ಯ ಕೇಂದ್ರದಿಂದಲೂ ಸಂಕೋಚವಿಲ್ಲದೆ ತಿಳಿದುಕೊಳ್ಳಿರಿ.

ಕೊನೆಯದಾಗಿ ಮನೆಯ ಯಜಮಾನರಿಗೂ ಹಿರಿಯ ತಾಯಂದಿರಿಗೂ ಒಂದು ವಿನಂತಿ. ನಮ್ಮ ಅನೇಕ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಅಡುಗೆ ಮಾಡಿದವಳು ಊಟಕ್ಕೆ ಕೂಡುತ್ತಾಳೆ. ಅಷ್ಟರಲ್ಲಿ ಪಲ್ಯದ ಪಾತ್ರೆ ಬರಿದಾಗಿರುತ್ತದೆ. ಅನ್ನ, ತಿಳಿಸಾರು, ಉಪ್ಪಿನಕಾಯಿ ಅವಳ ಪಾಲಿಗೆ ಉಳಿಯುತ್ತವೆ. ಸೊಪ್ಪು ತಂದರೂ ಅದು ಅವಳ ತಟ್ಟೆಗೆ ಬೀಳದಿದ್ದರೆ ಏನು ಫಲ? ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಅದು ಸಾಧ್ಯವಾಗದ ದಿನ ಅವಳ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡಿರಿ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಈ ವಾರವೇ ಮನೆಯ ಹೆಣ್ಣುಮಕ್ಕಳ ರಕ್ತಪರೀಕ್ಷೆ ಮಾಡಿಸಿರಿ. ಅವರ ದಣಿವಿನ ಕಾರಣ ತಿಳಿಯಲಿ, ತಕ್ಕ ಚಿಕಿತ್ಸೆ ದೊರೆಯಲಿ.