ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು

ಪಂಚಾಯಿತಿ ಸದಸ್ಯರೇ, ಆಶಾ ಕಾರ್ಯಕರ್ತೆಯರೇ,

ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಶಿಶುವಿನದು ಪಾಸಿಟಿವ್ ಆಗಿದ್ದರೂ ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗದು. ಆದರೆ ಹೆರಿಗೆಯ ವೇಳೆ ಮಗುವಿನ ರಕ್ತಕಣಗಳು ತಾಯಿಯ ರಕ್ತದಲ್ಲಿ ಬೆರೆತು, ಆಕೆಯ ದೇಹದಲ್ಲಿ ಪ್ರತಿಕಾಯಗಳು ಉಂಟಾಗಬಹುದು. ಮುಂದಿನ ಶಿಶುವೂ ಪಾಸಿಟಿವ್ ಆದಲ್ಲಿ ಅವು ಗರ್ಭದಲ್ಲಿಯೇ ಅದರ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಕೆಲವೊಮ್ಮೆ ಮರಣವೂ ಸಂಭವಿಸುತ್ತದೆ.

ಗರ್ಭಧಾರಣೆಯ 28ನೇ ವಾರದಲ್ಲಿ ಮತ್ತು ಪಾಸಿಟಿವ್ ಶಿಶು ಜನಿಸಿದ 72 ಗಂಟೆಗಳೊಳಗೆ ನೀಡುವ ಆಂಟಿ-ಡಿ ಚುಚ್ಚುಮದ್ದು ಇದನ್ನು ತಡೆಯುತ್ತದೆ. ಪ್ರತಿಕಾಯಗಳು ಉಂಟಾದ ಮೇಲೆ ಅದು ನಿಷ್ಫಲ.

ಆದ್ದರಿಂದ ಮೊದಲ ತಪಾಸಣೆಯಲ್ಲಿಯೇ ರಕ್ತದ ಗುಂಪು ತಾಯಿ ಕಾರ್ಡಿನಲ್ಲಿ ದಾಖಲಾಗಲಿ. ಮೊದಲ ಮಗು ಆರೋಗ್ಯವಾಗಿದೆಯೆಂದು ಮನೆಯವರು ಸುಮ್ಮನಾಗದಿರಲಿ. ಆ ಚುಚ್ಚುಮದ್ದು ಇನ್ನೂ ಹುಟ್ಟಿಲ್ಲದ ಎರಡನೆಯ ಮಗುವಿಗೆ ರಕ್ಷೆ.