ದಾರಿಯ ಅಡಿಗೆಮನೆ

ದಾರಿಗೆಂದು ಕಟ್ಟಿಕೊಂಡು ಹೋಗುವ ಅನ್ನಕ್ಕೆ ಸಂಸ್ಕೃತದಲ್ಲಿ ‘ಪಾಥೇಯ’ವೆಂದು ಹೆಸರು. ಕನ್ನಡದಲ್ಲಿ ಅದೇ ‘ಬುತ್ತಿ’. ‘ಭುಕ್ತಿ’ಯ ತದ್ಭವವೆಂದು ವ್ಯಾಕರಣ ಓದಿದವರು ಬಲ್ಲರು. ಬುತ್ತಿ ಒಂದು ಹೊತ್ತಿಗೆ, ಹೆಚ್ಚೆಂದರೆ ಎರಡು ಹೊತ್ತಿಗೆ ಸಾಕು. ಪಯಣ ನಾಲ್ಕು ದಿನದ್ದಾದರೆ ಅಡಿಗೆಮನೆಯೇ ಜೊತೆಯಲ್ಲಿ ಹೊರಡಬೇಕು. ಈಗ ಕೆಲವರು ವ್ಯಾನನ್ನೇ ಮನೆಯಾಗಿ ಮಾಡಿಕೊಂಡು ಸಂಸಾರಸಹಿತ ತಿರುಗಾಡುತ್ತಾರೆ. ನೆರೆಯ ಕೇರಳ ಸರ್ಕಾರವು ಇಂಥ ಪ್ರವಾಸಕ್ಕೆಂದೇ 2021ರಲ್ಲಿ ಒಂದು ಯೋಜನೆಯನ್ನು ಆರಂಭಿಸಿತು. ಮೈಸೂರಿನಿಂದ ಕೊಡಗಿಗೆ ಹೋಗುವ ಹೆದ್ದಾರಿ ನಮ್ಮ ಹುಣಸೂರಿನ ಮೇಲೆಯೇ ಹಾಯುವುದರಿಂದ ಅಂಥ ಗಾಡಿಗಳು ನಮ್ಮ ಹುಡುಗರ ಕಣ್ಣಿಗೂ ಬೀಳುತ್ತಿವೆ.

ಇದು ನಮಗೆ ತೀರ ಹೊಸದೇನೂ ಅಲ್ಲ. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರು ಏನೇನು ಒಯ್ಯುತ್ತಿದ್ದರೆಂದು ನೆನೆಯಿರಿ. ಒಂದರೊಳಗೊಂದು ಕೂರುವ ಪಾತ್ರೆಗಳು, ಹಗ್ಗ ಕಟ್ಟಿದ ಚೆಂಬು, ರಾಗಿಹಿಟ್ಟಿನ ಚೀಲ, ಹುಳಿಪುಡಿ, ಚಟ್ನಿಪುಡಿ. ಒರಳುಕಲ್ಲು ಮನೆಯಲ್ಲೇ ಉಳಿಯುತ್ತಿತ್ತು. ಅರೆಯುವ ಕೆಲಸವೆಲ್ಲ ಹೊರಡುವ ಮುನ್ನವೇ ಮುಗಿಯುತ್ತಿತ್ತು. ಒಲೆಗೆ ಮೂರು ಕಲ್ಲು ಇಳಿದಲ್ಲೇ ಸಿಕ್ಕುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಿಂದಲೂ ಒಳ್ಳೆಯ ಗಾಡಿಗಳಿಗೆ ಹೆಸರಾದ ಊರು ಹುಣಸೂರು. ಎತ್ತಿನ ಹೆಗಲಿಗೂ ಅಚ್ಚಿಗೂ ಭಾರವನ್ನು ಸಮನಾಗಿ ಹಂಚಬೇಕೆಂಬುದನ್ನು ಇಲ್ಲಿಯ ಗಾಡಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ವಿವೇಕ ಇಂದಿನ ವ್ಯಾನಿಗೂ ಬೇಕು.

ನನ್ನ ಹಳೆಯ ಶಿಷ್ಯನೊಬ್ಬ ಮೊನ್ನೆ, “ಮೇಷ್ಟ್ರೇ, ವ್ಯಾನಿನಲ್ಲಿ ಅಡಿಗೆಮನೆ ಮಾಡಿಸಬೇಕು. ಏನೇನು ಇಡಿಸಲಿ?” ಎಂದು ಕೇಳಿದ. “ಏನನ್ನು ಬಿಡಲಿ ಎಂದು ಮೊದಲು ಕೇಳಿಕೊಳ್ಳಪ್ಪ” ಎಂದೆ. ಆಮೇಲೆ ಇಬ್ಬರೂ ಕುಳಿತು ಒಂದೊಂದನ್ನೇ ವಿಚಾರ ಮಾಡಿದೆವು.

ಮೊದಲನೆಯದು ಒಲೆ. ವಿದ್ಯುತ್ತಿನ ಇಂಡಕ್ಷನ್ ಒಲೆ ಚೊಕ್ಕಟವೇನೋ ನಿಜ. ಆದರೆ ಲೆಕ್ಕ ನೋಡಿ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 1200 ವ್ಯಾಟ್-ಗಂಟೆಯಷ್ಟು ಶಕ್ತಿ. 1500 ವ್ಯಾಟಿನ ಒಲೆ ಅದನ್ನು ಕಾಗದದ ಲೆಕ್ಕದಲ್ಲೇ 48 ನಿಮಿಷಕ್ಕೆ ಬರಿದುಮಾಡುತ್ತದೆ. ನಿಜದಲ್ಲಿ ಇನ್ನೂ ಬೇಗ. ಆದುದರಿಂದ ಬಹುಮಂದಿ ಗ್ಯಾಸನ್ನೇ ಆರಿಸುತ್ತಾರೆ. ಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಪ್ರಯಾಣಕ್ಕೆ 5 ಕಿಲೋದ ಚಿಕ್ಕದು ಸಾಕು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 2023ರ ಆಗಸ್ಟ್ 26ರಂದು ಮಧುರೆಯ ರೈಲುನಿಲ್ದಾಣದಲ್ಲಿ ನಿಂತಿದ್ದ, ಲಖನೌ ಕಡೆಯ ಯಾತ್ರಿಕರ ಬೋಗಿಯೊಂದಕ್ಕೆ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು. ನಿಯಮ ಮೀರಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರೇ ಕಾರಣವೆಂದು ರೈಲ್ವೆಯವರು ಹೇಳಿದರು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ; ನೀರಿನಂತೆ ತಗ್ಗಿಗಿಳಿದು ನೆಲದ ಮೇಲೆ ನಿಲ್ಲುತ್ತದೆ. ಆದುದರಿಂದ ಸಿಲಿಂಡರನ್ನು ಮಲಗುವ ಜಾಗದಿಂದ ಬೇರ್ಪಟ್ಟ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ಬಿಗಿಯಬೇಕು. ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆದ ರಂಧ್ರವಿರಬೇಕು. ಗಾಡಿ ಹೊರಡುವ ಮುನ್ನ ಸಿಲಿಂಡರನ್ನು ಮುಚ್ಚಬೇಕು. ಕೊಳವೆಯ ಸೋರಿಕೆಯನ್ನು ಸೋಪಿನ ನೀರಿನಿಂದ ನೋಡಬೇಕೇ ಹೊರತು ಕಡ್ಡಿ ಗೀರಿ ನೋಡಬಾರದು. ಬಾಗಿಲು ತೆರೆದೇ ಅಡಿಗೆ ಮಾಡಬೇಕು. ಚಳಿಯೆಂದು ಒಲೆ ಉರಿಸಿಕೊಂಡು ಮಲಗುವುದಂತೂ ಕೂಡದು. ಮುಚ್ಚಿದ ಗಾಡಿಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಎರಡನೆಯದು ನೀರು. ಒಂದು ಲೀಟರು ನೀರೆಂದರೆ ಒಂದು ಕಿಲೋ ಭಾರ. 60 ಲೀಟರಿನ ತೊಟ್ಟಿ ಇಡಿಸಿದರೆ ಒಬ್ಬ ದೊಡ್ಡ ಮನುಷ್ಯನನ್ನು ಹೆಚ್ಚಾಗಿ ಕೂರಿಸಿಕೊಂಡಂತಾಯಿತು. ತೊಟ್ಟಿ ತಗ್ಗಿನಲ್ಲಿ, ಗಾಲಿಗಳ ನಡುವೆ ಇರಲಿ. ತಿರುಪಿನ ನಲ್ಲಿಗಿಂತ ಕಾಲಿನಿಂದ ತುಳಿಯುವ ಪಂಪು ಮೇಲು. ತುಳಿದಷ್ಟೇ ನೀರು, ಕೈಗಳೂ ಬಿಡುವು. ಪಾತ್ರೆ ತೊಳೆಯುವ ಬೋಗುಣಿ ಒಂದೇ ಸಾಕು, ಆಳವಾಗಿರಲಿ, ಸ್ಟೀಲಿನದಾಗಿರಲಿ. ಅದರ ಮೇಲೊಂದು ಹಲಗೆ ಮುಚ್ಚಿದರೆ ಅದೇ ತರಕಾರಿ ಹೆಚ್ಚುವ ಕಟ್ಟೆ. ಮುಸುರೆ ನೀರನ್ನು ಕ್ಯಾನಿನಲ್ಲಿ ಹಿಡಿದು ತಕ್ಕ ಜಾಗದಲ್ಲಿ ಚೆಲ್ಲಬೇಕು. ನಮ್ಮ ಲಕ್ಷ್ಮಣತೀರ್ಥಕ್ಕೋ ಕಬಿನಿಯ ಹಿನ್ನೀರಿಗೋ ಸುರಿಯುವುದು ಅತಿಥಿಯ ಲಕ್ಷಣವಲ್ಲ.

ಮೂರನೆಯದು ಪಾತ್ರೆ. ಹಿಡಿ ಕಳಚುವ, ಒಂದರೊಳಗೊಂದು ಅಡಗುವ ಪಾತ್ರೆಗಳು ಈಗ ಅಂಗಡಿಯಲ್ಲಿ ಸಿಕ್ಕುತ್ತವೆ. ಮೂರು ಲೀಟರಿನ ಕುಕ್ಕರೊಂದಿದ್ದರೆ ನೀರೂ ಅನಿಲವೂ ಉಳಿಯುತ್ತವೆ. ಆದರೆ ಪೇಟೆಯ ಪಟ್ಟಿಯನ್ನು ಕುರುಡಾಗಿ ನಂಬಬೇಡಿ. ಅದನ್ನು ಬರೆದವರು ಮುದ್ದೆ ತೊಳಸಿದವರಲ್ಲ. ಮಡಿಚುವ ಸಣ್ಣಕಾಲಿನ ಒಲೆಯ ಮೇಲೆ ಹಿಟ್ಟು ಬೇಯಿಸಿ ಕೋಲು ಹಾಕಿ ತಿರುವಿದರೆ ಒಲೆಯೇ ಮಗುಚುತ್ತದೆ. ಮುದ್ದೆ ಬೇಕೆಂಬವರು ಪಾತ್ರೆಯನ್ನು ಕೆಳಗಿಳಿಸಿ, ಗಟ್ಟಿ ನೆಲದ ಮೇಲಿಟ್ಟು, ಕವೆಕೋಲಿನಿಂದ ಒತ್ತಿಹಿಡಿದು ತಿರುವಲಿ. ಊಟದ ರೀತಿಗೆ ತಕ್ಕ ಸಲಕರಣೆಯೇ ಹೊರತು, ಸಲಕರಣೆಗೆ ತಕ್ಕ ಊಟವಲ್ಲ.

ಕಪಾಟಿನ ವಿಚಾರ ಒಂದೇ ಮಾತು: ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ, ಪ್ರತಿ ಬಾಗಿಲಿಗೂ ಚಿಲಕ. ತಿರುವಿನಲ್ಲಿ ತಲೆಯ ಮೇಲೆ ಬೀಳುವ ಚಟ್ನಿಪುಡಿಯ ಡಬ್ಬಿಯೂ ಆಯುಧವೇ. ಇನ್ನು, ನೋಂದಣಿ ಪತ್ರದಲ್ಲಿ ಬರೆದದ್ದಕ್ಕೆ ಹೊರತಾಗಿ ವಾಹನದ ರಚನೆಯನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಒಪ್ಪುವುದಿಲ್ಲ. ಬಡಗಿಯನ್ನು ಕರೆಯುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹೆಗ್ಗಡದೇವನಕೋಟೆಯ ಕಡೆ ಹೊರಡುವವರಿಗೆ ಇನ್ನೊಂದು ಮಾತು. ನಾಗರಹೊಳೆಯ ಕಾಡಿನೊಳಗೆ ಗಾಡಿ ನಿಲ್ಲಿಸಿ ಒಲೆ ಹಚ್ಚುವಂತಿಲ್ಲ. ಫಾಲ್ಗುಣ, ಚೈತ್ರಗಳಲ್ಲಿ ಒಣಗಿದ ಎಲೆಗೆ ಒಂದು ಕಿಡಿ ಸಾಕು. ಆ ದಿನದ ಮಟ್ಟಿಗೆ ಅಡಿಗೆಮನೆಗೆ ಬೀಗ ಹಾಕಿ, ಮನೆಯಿಂದ ತಂದ ಬುತ್ತಿಯನ್ನೇ ಬಿಚ್ಚುವುದು ಲೇಸು. ಹುರಿಹಿಟ್ಟು, ಅವಲಕ್ಕಿ, ಬೆಲ್ಲ: ಇವಕ್ಕೆ ಬೆಂಕಿಯ ಹಂಗಿಲ್ಲ.

ಇಷ್ಟು ಕೇಳಿದ ನನ್ನ ಶಿಷ್ಯ ತನ್ನ ಪಟ್ಟಿಯಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿದ. ಉಳಿದವು ಒಂದು ಒಲೆ, ಒಂದು ಬೋಗುಣಿ, ಒಂದು ತೊಟ್ಟಿ, ನಾಲ್ಕು ಪಾತ್ರೆ. ಅಷ್ಟರಲ್ಲಿ ಒಂದು ಸಂಸಾರ ಹೊಟ್ಟೆ ತುಂಬ ಉಣ್ಣಬಹುದು, ನೆಮ್ಮದಿಯಾಗಿ ಮಲಗಬಹುದು.